ಮೊದಲ ಸೈಟು ಬೇಡವೆಂದ ಮೇಲೆ: ಹಾಸನದ ಒಂದು ಪ್ರಕರಣ

ಹಾಸನದ ಸುತ್ತಮುತ್ತ ನಿವೇಶನ ಕೊಳ್ಳಲು ಹೊರಡುವವರ ವಯಸ್ಸು ಇಳಿಯುತ್ತಿದೆ. ನಾನು ವಕೀಲಿಕೆಯಲ್ಲಿ ಹೆಚ್ಚಾಗಿ ಮಾಡುವುದು ಆಸ್ತಿ ಪತ್ರಗಳ ಪರಿಶೀಲನೆ. ಹಿಂದೆ ಪತ್ರಗಳ ಕಟ್ಟು ಹಿಡಿದು ಬರುತ್ತಿದ್ದವರು ನಿವೃತ್ತಿಯ ಹಣ ಕೈಗೆ ಬಂದ ಶಿಕ್ಷಕರು, ಫಸಲು ಮಾರಿದ ಸಕಲೇಶಪುರ ಕಡೆಯ ಬೆಳೆಗಾರರು. ಈಗ ಪದವಿ ಪಡೆದು ಎರಡು ವರ್ಷ ತುಂಬದವರೂ ಬರುತ್ತಾರೆ. ಬೆಂಗಳೂರಿನಲ್ಲಿ ಸಂಬಳ, ಊರಿನಲ್ಲಿ ಸೈಟು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಮೊದಲ ಹೆಜ್ಜೆಯಲ್ಲೇ ಮನೆಯವರ ಹತ್ತು ಹದಿನೈದು ವರ್ಷಗಳ ಉಳಿತಾಯ ಪಣಕ್ಕೆ ಬೀಳುತ್ತದೆ ಎಂಬುದು ನನ್ನ ಆತಂಕ.

ಅಂಥವರಲ್ಲಿ ಒಬ್ಬಳ ಪ್ರಕರಣವನ್ನು ಅವಳ ಹಾಗೂ ಮನೆಯವರ ಒಪ್ಪಿಗೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಊರು, ಸರ್ವೆ ನಂಬರು ಹೇಳಿಲ್ಲ. ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳು ನಡೆದ ಕ್ರಮವನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ.

ಹಿನ್ನೆಲೆ

ಯುವತಿ ಹಾಸನದಲ್ಲೇ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವಳು. ಬೆಂಗಳೂರಿನ ಕಂಪನಿಯೊಂದರಲ್ಲಿ ತಿಂಗಳಿಗೆ ₹38,000 ಕೈಗೆ ಬರುವ ಕೆಲಸ. ಪಿ.ಜಿ. ಬಾಡಿಗೆ, ಓಡಾಟ, ಊಟ ಕಳೆದು ಉಳಿಸಿದ್ದ ಹಣ ₹3.2 ಲಕ್ಷ. ತಂದೆ ಸರ್ಕಾರಿ ಕೆಲಸದಿಂದ ನಿವೃತ್ತರು. ಅವರ ಕೈಯಲ್ಲಿ ₹11 ಲಕ್ಷ ಇತ್ತು, ಅದರಲ್ಲಿ ₹5 ಲಕ್ಷ ಮಗನ ಓದಿಗೆಂದು ಠೇವಣಿಯಲ್ಲಿತ್ತು. ತಾಯಿಯ ಒಡವೆ ಸ್ವಲ್ಪ. ನಗರದೊಳಗೆ ಅಜ್ಜ ಕಟ್ಟಿಸಿದ ಹಳೆಯ ಮನೆ. ಈ ಮನೆ ಆಮೇಲೆ ಕತೆಯ ಮಧ್ಯಕ್ಕೆ ಬರುತ್ತದೆ. ಆಗ ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಸೈಟಿನ ಆಲೋಚನೆ ತಂದವರು ಸೋದರಮಾವ. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ದಶಕಗಳಿಂದ ಹಾಸನದ ಭೂಮಿಯ ಬೆಲೆಯನ್ನು ಏರಿಸುತ್ತಲೇ ಬಂದಿದೆ. 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲು ಆರಂಭವಾದ ಮೇಲೆ ಆ ಮಾತಿಗೆ ಇನ್ನಷ್ಟು ಬಲ ಬಂತು. ಮಾವನಿಗೆ ಪರಿಚಯವಿದ್ದ ದಲ್ಲಾಳಿಯೊಬ್ಬರು ನಗರದಿಂದ ಕೆಲವು ಕಿಲೋಮೀಟರ್ ದೂರದ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಬಡಾವಣೆಯೊಂದರಲ್ಲಿ 30x40 ಅಡಿಯ ನಿವೇಶನ ತೋರಿಸಿದರು. ಚದರ ಅಡಿಗೆ ₹1,500, ಒಟ್ಟು ₹18 ಲಕ್ಷ. ಮಣ್ಣಿನ ರಸ್ತೆ ಎಳೆದಿತ್ತು, ಮೂಲೆಗಲ್ಲು ನೆಟ್ಟಿತ್ತು, ಬಣ್ಣದ ನಕ್ಷೆಯೂ ಇತ್ತು.

ಹಣದ ಹೊಂದಾಣಿಕೆ ಹೀಗೆ ಯೋಚಿಸಿದ್ದರು: ಅವಳದು 3.2 ಲಕ್ಷ, ತಂದೆಯದು 6 ಲಕ್ಷ, ಒಡವೆ ಅಡವಿಟ್ಟು 2 ಲಕ್ಷ, ಬ್ಯಾಂಕಿನಿಂದ 8 ಲಕ್ಷ. ಒಟ್ಟು 19.2 ಲಕ್ಷ. ಬೆಲೆಯ ಮೇಲಿನ 1.2 ಲಕ್ಷ ನೋಂದಣಿಗೆ. ಆಗ ಗ್ರಾಮಾಂತರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.65, ನೋಂದಣಿ ಶುಲ್ಕ ಶೇ 1. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಈಗ ಕೊಳ್ಳುವವರು ಅದನ್ನೂ ಸೇರಿಸಿಕೊಳ್ಳಬೇಕು.

ಬ್ಯಾಂಕಿನ ಕಂತು ತಿಂಗಳಿಗೆ ಹತ್ತು ಸಾವಿರ ದಾಟುತ್ತಿತ್ತು. ಒಡವೆಯ ಬಡ್ಡಿ ಬೇರೆ. ನಿವೇಶನದಿಂದ ಬರುವ ಆದಾಯ ಸೊನ್ನೆ. ಮನೆ ಕಟ್ಟುವವರೆಗೆ ನಿವೇಶನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇಲ್ಲ. ಕೆಲಸ ಹೋದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಸಮಸ್ಯೆ

ಇವರು ನನ್ನ ಬಳಿ ಬಂದದ್ದು 2024ರ ಜೂನ್‌ನಲ್ಲಿ. ಜುಲೈ ಮೊದಲ ವಾರದಲ್ಲಿ ಆಷಾಢ ಹಿಡಿಯುತ್ತಿತ್ತು. ‘ಆಷಾಢಕ್ಕೆ ಮುಂಚೆ ಒಂದು ಲಕ್ಷ ಮುಂಗಡ ಕೊಟ್ಟರೆ ಈ ಬೆಲೆ, ಶ್ರಾವಣದಲ್ಲಿ ಬಂದರೆ ಚದರ ಅಡಿಗೆ ಇನ್ನೂರು ರೂಪಾಯಿ ಜಾಸ್ತಿ’ ಎಂದು ದಲ್ಲಾಳಿ ಹೇಳಿದ್ದರು. ತಂದೆ ಮಗಳಿಗೆ ತಿಳಿಸದೆ ₹25,000 ನಗದು ಕೊಟ್ಟೂ ಆಗಿತ್ತು. ಅದಕ್ಕೆ ಸಿಕ್ಕಿದ್ದು ಬಿಳಿ ಹಾಳೆಯ ಮೇಲೆ ಒಂದು ಸಹಿ.

ಅವಳ ಪ್ರಶ್ನೆ ಸರಳವಾಗಿತ್ತು: ‘ಸರ್, ಉಳಿದ ಎಪ್ಪತ್ತೈದು ಸಾವಿರ ಕೊಡಬಹುದೇ?’

ಇಡೀ ಪ್ರಕರಣದ ಮೊದಲ ಮುಖ್ಯ ನಿರ್ಧಾರ ಅವಳದೇ. ಮೂಲ ಪತ್ರಗಳ ನಕಲು ಪೂರ್ತಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂದು ದಲ್ಲಾಳಿಗೆ ಅವಳೇ ಹೇಳಿದಳು. ಮಾವನಿಗೆ ಬೇಸರವಾಯಿತು. ‘ನಾನು ಮಾತು ಕೊಟ್ಟಿದ್ದೇನೆ, ನನ್ನ ಮರ್ಯಾದೆ ಏನಾಗಬೇಕು’ ಎಂದರು. ಚಿಕ್ಕ ಊರಿನಲ್ಲಿ ಈ ಮಾತಿನ ತೂಕ ನನಗೆ ಗೊತ್ತು. ಎಷ್ಟೋ ಕೆಟ್ಟ ಖರೀದಿಗಳು ಮೋಸದಿಂದ ಆದವಲ್ಲ. ನೆಂಟರ ಮುಖ ನೋಡಿ ‘ಬೇಡ’ ಎನ್ನಲಾಗದೆ ಆದವು. ಅವಳು ಮಾವನನ್ನು ಅನುಮಾನಿಸಲಿಲ್ಲ, ವಾದಕ್ಕೂ ಇಳಿಯಲಿಲ್ಲ. ‘ಬ್ಯಾಂಕಿನವರು ಕೇಳುತ್ತಾರೆ ಮಾವ, ಪತ್ರ ಇಲ್ಲದೆ ಸಾಲ ಆಗುವುದಿಲ್ಲ’ ಎಂದಳು. ಅದು ನಿಜವೂ ಆಗಿತ್ತು.

ಪತ್ರಗಳು ಹೇಳಿದ್ದು

ಬಂದ ಪತ್ರಗಳಲ್ಲಿ ಪಹಣಿ, ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ಆದೇಶದ ಪ್ರತಿ, 2009ರ ವಿಭಾಗ ಪತ್ರ (ಕುಟುಂಬದವರು ಆಸ್ತಿ ಪಾಲು ಮಾಡಿಕೊಂಡದ್ದು), ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿಗಳು ಇದ್ದವು. ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ನಾವೇ ತೆಗೆಸಿದೆವು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೇ ಪೂರ್ಣವೆಂದು ತಿಳಿಯುವ ಯುವಕರು ಬಹಳ.

ಹಾಸನದಲ್ಲಿ ಪತ್ರ ನೋಡುವವರು ಮೊದಲು ಕೇಳುವ ಪ್ರಶ್ನೆ, ಇದು ಮಂಜೂರಾತಿ ಜಮೀನೇ ಎಂಬುದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದಾಗ ಮುಳುಗಡೆಯಾದ ಹಳ್ಳಿಗಳ ಕುಟುಂಬಗಳಿಗೆ ಜಿಲ್ಲೆಯ ಹಲವೆಡೆ ಜಮೀನು ಮಂಜೂರಾಯಿತು. ಅಂಥ ಜಮೀನಿಗೆ ಪರಭಾರೆಯ ಷರತ್ತುಗಳಿರುತ್ತವೆ; ಮಂಜೂರಾತಿಯೇ ನಿಜವೋ ಎಂಬ ತಗಾದೆಗಳೂ ನಡೆದಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ, ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ನಂತರ ತಡವಾಗಿ ಅರ್ಜಿ ಹಾಕಿದರೆಂಬ ಕಾರಣಕ್ಕೆ ಅಂಥ ಪ್ರಕರಣವನ್ನು ತಳ್ಳಿಹಾಕುವಂತಿಲ್ಲ. ಈ ಸರ್ವೆ ನಂಬರು ಆ ಬಗೆಯದಲ್ಲ, ಪಿತ್ರಾರ್ಜಿತ ಹಿಡುವಳಿ ಎಂದು ಹಳೆಯ ದಾಖಲೆಗಳಿಂದ ಖಚಿತವಾಯಿತು. ಒಂದು ಭಯ ಕಳೆಯಿತು.

ಆಮೇಲೆ ವಿಸ್ತೀರ್ಣ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 2 ಎಕರೆ 20 ಗುಂಟೆ. ಭೂಪರಿವರ್ತನೆ ಆದೇಶದಲ್ಲಿ ಇದ್ದದ್ದು 1 ಎಕರೆ 10 ಗುಂಟೆ ಮಾತ್ರ. ಬಣ್ಣದ ನಕ್ಷೆಯಲ್ಲಿ ಪೂರ್ತಿ ಜಮೀನಿನ ಮೇಲೆ 62 ನಿವೇಶನಗಳು. ಇದನ್ನು ಲೆಕ್ಕ ಹಾಕಿದವಳು ಅವಳೇ. ಒಂದು ಗುಂಟೆಗೆ 1,089 ಚದರ ಅಡಿ. ನೂರು ಗುಂಟೆಗೆ 1,08,900. ಅರವತ್ತೆರಡು ಸೈಟುಗಳಿಗೆ 74,400 ಹೋದರೆ ಉಳಿಯುವುದು 34,500. ನಕ್ಷೆಯಲ್ಲಿ ಅದಿಷ್ಟೂ ರಸ್ತೆಗೆ ಹೋಗಿತ್ತು. ‘ಪಾರ್ಕ್ ಎಲ್ಲಿ ಸರ್?’ ಎಂದು ಕೇಳಿದಳು. ಉದ್ಯಾನಕ್ಕೆ, ನಾಗರಿಕ ಸೌಕರ್ಯಕ್ಕೆ ಜಾಗ ಬಿಡದ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಸಿಗುವುದಿಲ್ಲ. ಈ ನಕ್ಷೆಯ ಮೇಲೆ ಯಾವ ಪ್ರಾಧಿಕಾರದ ಮೊಹರೂ ಇರಲಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಅವಳು ಸೈಟಿನ ಮೇಲೆ ನಿಂತು ನೋಡಿ, ಪರಿವರ್ತನೆ ಆದೇಶದ ನಕ್ಷೆಗೆ ಹೋಲಿಸಿದಳು. ಅವರಿಗೆ ತೋರಿಸಿದ್ದ ಸೈಟು ಪರಿವರ್ತನೆಯಾಗದ ಭಾಗದಲ್ಲಿತ್ತು. ಅಂದರೆ ಕಾಗದದ ಪ್ರಕಾರ ಅದು ಇನ್ನೂ ಹೊಲ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿದಾಗ ‘ಪಂಚಾಯಿತಿ ಬಡಾವಣೆಗೆ ಅದು ಬೇಡ’ ಎಂದು ದಲ್ಲಾಳಿ ಉತ್ತರಿಸಿದರು. 2016ರ ಕಾಯ್ದೆಯ ಪ್ರಕಾರ ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಭೂಮಿಯಲ್ಲಿ ಬಡಾವಣೆ ಮಾಡಿ ಮಾರುವವರು ನೋಂದಾಯಿಸಲೇಬೇಕು. ಐದು ಗುಂಟೆ ಅಂದರೆ ಸುಮಾರು 506 ಚದರ ಮೀಟರ್. ಐದೇ ಗುಂಟೆಗೆ ಆ ಮಿತಿ ದಾಟುತ್ತದೆ. ಇಲ್ಲಿದ್ದದ್ದು ನೂರು ಗುಂಟೆ. ಹಳ್ಳಿಯ ಹೆಸರಿನಲ್ಲಿರುವ ಜಮೀನಾದರೂ ಅದು ಹಾಸನದ ಯೋಜನಾ ಪ್ರದೇಶದ ಒಳಗೇ ಇತ್ತು.

ಇಷ್ಟಾದರೂ ತಂದೆಯ ಮನಸ್ಸು ಪೂರ್ತಿ ತಿರುಗಿರಲಿಲ್ಲ. ‘ಇವೆಲ್ಲ ಆಮೇಲೆ ಸಕ್ರಮ ಆಗುತ್ತವೆ, ಎಲ್ಲರದೂ ಹಾಗೇ ಆಗಿದೆ’ ಎಂದರು. ಆ ಮಾತಿಗೂ ಆಧಾರ ಇಲ್ಲದಿಲ್ಲ. ಮರುವರ್ಷವೇ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ನಿವೇಶನಗಳಿಗೆ ಬಿ-ಖಾತೆ (ತೆರಿಗೆ ಕಟ್ಟಿಸಿಕೊಳ್ಳಲು ತೆರೆಯುವ ದಾಖಲೆ) ಕೊಡಲು ಮುಂದಾಯಿತು. ಆದರೆ ಅನುಮೋದನೆ ಇಲ್ಲದ ಸೈಟು ಖಾತೆ ಸಿಕ್ಕ ಮಾತ್ರಕ್ಕೆ ಅನುಮೋದಿತ ಸೈಟಾಗುವುದಿಲ್ಲ. ಸಕ್ರಮದ ಭರವಸೆಯನ್ನು ನಂಬಿ ಇಂದು ಪೂರ್ತಿ ಬೆಲೆ ತೆರುವವನು ಆ ಭರವಸೆಯ ಅಪಾಯವನ್ನೂ ತಾನೇ ಕೊಂಡುಕೊಳ್ಳುತ್ತಾನೆ. ಮಾರುವವನು ಹಣ ಎಣಿಸಿಕೊಂಡು ಹೊರಟಿರುತ್ತಾನೆ.

ತಿರುವು: ಎರಡು ಕಾಗದಗಳ ನಡುವಿನ ಅಂತರ

ತಂದೆಯ ಮನಸ್ಸು ತಿರುಗಿದ್ದು ಬೇರೆ ವಿಷಯಕ್ಕೆ. ಮಾರಾಟಗಾರರು ಮೂವರು ಅಣ್ಣತಮ್ಮಂದಿರು. ಅವರ ತಂದೆ ತೀರಿಕೊಂಡದ್ದು 2003ರಲ್ಲಿ. ಆ ನಂತರ ಆದ ಪೌತಿ (ಮರಣಾನಂತರದ) ಮ್ಯುಟೇಶನ್‌ನಲ್ಲಿ ವಾರಸುದಾರರೆಂದು ತಾಯಿ ಮತ್ತು ಐದು ಮಕ್ಕಳ ಹೆಸರಿತ್ತು. 2009ರ ವಿಭಾಗ ಪತ್ರದಲ್ಲಿ ಮೂವರು ಮಾತ್ರ. ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಹೆಸರುಗಳನ್ನು ಒಂದೊಂದಾಗಿ ಎಣಿಸಿದವಳು ಆ ಹುಡುಗಿಯೇ. ನಾನು ಇನ್ನೂ ಮ್ಯುಟೇಶನ್ ಪ್ರತಿಯವರೆಗೆ ಬಂದಿರಲಿಲ್ಲ. ‘ಇನ್ನಿಬ್ಬರು ಎಲ್ಲಿ ಹೋದರು?’ ಎಂದಳು. ಇಬ್ಬರೂ ಹೆಣ್ಣುಮಕ್ಕಳು. ಮದುವೆಯಾಗಿ ಹೋಗಿದ್ದರು. ತಾಯಿ ಆ ಹೊತ್ತಿಗೆ ತೀರಿಕೊಂಡಿದ್ದರು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇನೂ ಇರಬೇಕಿಲ್ಲ ಎಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಅದಕ್ಕೆ ರಕ್ಷಣೆಯಿದೆ. ಇಲ್ಲಿ ವಿಭಾಗವಾದದ್ದು 2009ರಲ್ಲಿ. ಆ ಇಬ್ಬರು ಅಕ್ಕತಂಗಿಯರು ನ್ಯಾಯಾಲಯದಲ್ಲಿ ನಿಂತು ತಮ್ಮ ಪಾಲು ಕೇಳಬಹುದಿತ್ತು.

ಋಣಭಾರ ಪತ್ರದಲ್ಲಿ ಇದು ಕಾಣುವುದಿಲ್ಲ. ನೋಂದಣಿಯಾದ ವ್ಯವಹಾರಗಳನ್ನು ಅದು ತೋರಿಸುತ್ತದೆ, ಬಿಟ್ಟುಹೋದ ಮನುಷ್ಯರನ್ನು ತೋರಿಸುವುದಿಲ್ಲ. ಅದಕ್ಕೆ ವಂಶವೃಕ್ಷವನ್ನೂ ಪೌತಿ ದಾಖಲೆಯನ್ನೂ ನೋಡಬೇಕು. ಕೊಳ್ಳುವವರು ಇ.ಸಿ. ಸ್ವಚ್ಛವಾಗಿದೆ ಎಂಬುದನ್ನೇ ಹಿಡಿದುಕೊಂಡು ನಿಲ್ಲುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ.

ಪರಿಹಾರ ಇಲ್ಲದಿರಲಿಲ್ಲ. ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ ಎಂದು ನಾವು ಕೇಳಿದೆವು. ದಲ್ಲಾಳಿ ಎರಡು ವಾರ ಸುಮ್ಮನಿದ್ದು ಬೇರೆಯೇ ಪ್ರಸ್ತಾವ ತಂದರು: ಈಗ ಕ್ರಯದ ಕರಾರು ಮತ್ತು ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಳ್ಳೋಣ, ಪಂಚಾಯಿತಿಯಿಂದ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11 ಬಂದ ಮೇಲೆ ನೋಂದಣಿ; ಕಾಗದದಲ್ಲಿ 9 ಲಕ್ಷ ತೋರಿಸೋಣ, ಉಳಿದ 9 ಲಕ್ಷ ನಗದು.

ಜಿ.ಪಿ.ಎ. ಮೂಲಕ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಗದಿನ ವಿಷಯವನ್ನು ನಾನು ಅವಳಿಗೆ ಲೆಕ್ಕದಲ್ಲೇ ವಿವರಿಸಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸುತ್ತದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟವಳಿಗೂ ನಷ್ಟವೇ. ಮುಂದೆ ಎಂದೋ 25 ಲಕ್ಷಕ್ಕೆ ಮಾರಿದರೆ ನಿಜವಾದ ಲಾಭ 7 ಲಕ್ಷ, ಕಾಗದದ ಲಾಭ 16 ಲಕ್ಷ. ದೀರ್ಘಾವಧಿ ಲಾಭಕ್ಕೆ ಈಗಿರುವ ಶೇ 12.5ರ ದರದಲ್ಲಿ ₹87,500 ಕಟ್ಟುವ ಬದಲು ₹2 ಲಕ್ಷ ಕಟ್ಟಬೇಕು. ಇಷ್ಟರ ನಡುವೆ ಬ್ಯಾಂಕಿನ ಉತ್ತರವೂ ಬಂತು: ಅನುಮೋದಿತ ಬಡಾವಣೆಯಲ್ಲ, ಸಾಲ ಇಲ್ಲ. ಬ್ಯಾಂಕಿಗೆ ಅರ್ಜಿ ಹಾಕುವುದು ಹೊಸಬರಿಗೆ ಸಿಗುವ ಅತ್ಯಂತ ಅಗ್ಗದ ಎರಡನೇ ಅಭಿಪ್ರಾಯ. ಕೈಯಲ್ಲಿ ಪೂರ್ತಿ ಹಣ ಇದ್ದವರೂ ಅದನ್ನು ಪಡೆಯಬೇಕೆಂದು ನಾನು ಹೇಳುತ್ತೇನೆ.

ತಂದೆ ‘ಬೇಡ’ ಎಂದರು. ಕೊಟ್ಟಿದ್ದ 25 ಸಾವಿರದಲ್ಲಿ 15 ಸಾವಿರ ವಾಪಸು ಬರಲು ತಿಂಗಳುಗಳು ಹಿಡಿದವು. ಉಳಿದದ್ದು ‘ಓಡಾಟದ ಖರ್ಚು’ ಎಂದು ಹೋಯಿತು.

ಮನೆಯೊಳಗಿನ ಆಸ್ತಿ

ಆಮೇಲಿನ ಕೆಲವು ತಿಂಗಳು ಅವಳು ಬೇರೆ ದಾರಿಗಳನ್ನು ನೋಡಿದಳು. ಪ್ರಾಧಿಕಾರ ಅನುಮೋದಿಸಿದ ಬಡಾವಣೆಗಳಲ್ಲಿ 30x40 ಬೆಲೆ ಅವಳ ಕೈಗೆ ಎಟುಕುವಂತಿರಲಿಲ್ಲ. ಷೇರು ಮಾರುಕಟ್ಟೆಯಲ್ಲಿ ಸಿಗುವ ರೀಟ್ ಯೂನಿಟ್‌ಗಳನ್ನು ಸಣ್ಣ ಮೊತ್ತಕ್ಕೆ ಕೊಂಡಳು. ಕಚೇರಿ ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ಈ ವ್ಯವಸ್ಥೆಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮ ಬಂದದ್ದು 2014ರಲ್ಲಿ, ಮೊದಲ ರೀಟ್ ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಹಂಚಬಹುದಾದ ಆದಾಯದ ಶೇ 90ರಷ್ಟನ್ನಾದರೂ ಹೂಡಿಕೆದಾರರಿಗೆ ಹಂಚಲೇಬೇಕು. ಕಲಿಯಲು ಒಳ್ಳೆಯದು, ಬೇಕಾದಾಗ ಮಾರಬಹುದು. ಆದರೆ ಊರಿನಲ್ಲಿ ಏನಾದರೂ ಮಾಡಬೇಕು ಎಂಬ ಅವಳ ಆಸೆ ಅದರಿಂದ ತೀರಲಿಲ್ಲ.

2024ರ ಅಕ್ಟೋಬರ್ ಕೊನೆಯಲ್ಲಿ ಹಾಸನಾಂಬೆಯ ದರ್ಶನಕ್ಕೆ ಅತ್ತೆ, ಅಂದರೆ ತಂದೆಯ ತಂಗಿ, ಅರಸೀಕೆರೆಯಿಂದ ಬಂದು ಈ ಮನೆಯಲ್ಲಿ ಉಳಿದಿದ್ದರು. ಮಾತಿನ ನಡುವೆ ಅವರು, ‘ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡಬಾರದೇ, ಆಸ್ಪತ್ರೆಯ ಹುಡುಗಿಯರು ರೂಮಿಗೆ ಅಲೆಯುತ್ತಾರೆ’ ಎಂದರು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದ ಮನೆ. ನೆಲದ ಬೆಲೆ ಕೊಡಬೇಕಿಲ್ಲ. ಸಿವಿಲ್ ಎಂಜಿನಿಯರೊಬ್ಬರು ಬಂದು ಹಳೆಯ ಗೋಡೆ, ಅಡಿಪಾಯ ಪರೀಕ್ಷಿಸಿ, ಒಂದು ಅಂತಸ್ತು ತಡೆಯುತ್ತದೆ, ಎರಡಕ್ಕೆ ಆಸೆ ಪಡಬೇಡಿ ಎಂದರು. 560 ಚದರ ಅಡಿಯ ಒಂದು ಮಲಗುವ ಕೋಣೆಯ ಮನೆಗೆ ₹10.5 ಲಕ್ಷದ ಅಂದಾಜು ಸಿಕ್ಕಿತು.

ಬ್ಯಾಂಕ್ ಸಾಲಕ್ಕೂ ಕಟ್ಟಡ ಪರವಾನಗಿಗೂ ಖಾತೆ ಬೇಕು. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜ ಉಯಿಲು ಬರೆದಿರಲಿಲ್ಲ, ಅಜ್ಜಿಯೂ ಇಲ್ಲ. ವಾರಸುದಾರರು ಇಬ್ಬರು: ತಂದೆ ಮತ್ತು ಅತ್ತೆ.

ಅವಳು ಇದನ್ನು ಗಮನಿಸಿ ನನಗೆ ಫೋನ್ ಮಾಡಿದಳು. ಆ ಜಮೀನಿನಲ್ಲಿ ಅಕ್ಕತಂಗಿಯರನ್ನು ಬಿಟ್ಟಿದ್ದಾರೆ ಎಂದು ನಾವು ಸೈಟು ಬೇಡವೆಂದೆವು. ನಮ್ಮ ಮನೆಯಲ್ಲೂ ಅದೇ ಇದೆಯಲ್ಲ ಎಂದಳು. ಈ ಪ್ರಕರಣವನ್ನು ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಮಾತಿನಿಂದ. ಇದು 2005ರ ತಿದ್ದುಪಡಿಯ ವಿಷಯವೂ ಅಲ್ಲ. ಮನೆ ಅಜ್ಜನ ಸ್ವಯಾರ್ಜಿತ, ಅಂದರೆ ಅವರೇ ದುಡಿದು ಮಾಡಿದ್ದು. ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರ ಕಾಯ್ದೆಯಲ್ಲೇ ಇದೆ. ಅಂದರೆ ಅರ್ಧ ಮನೆ ಅತ್ತೆಯದು. ಇಷ್ಟು ವರ್ಷ ಕಂದಾಯ ಕಟ್ಟಿದ ತಂದೆ ಇದನ್ನು ತಮ್ಮ ಮನೆ ಎಂದೇ ತಿಳಿದಿದ್ದರು. ಅವರಲ್ಲಿ ಕೆಟ್ಟ ಉದ್ದೇಶ ಕಿಂಚಿತ್ತೂ ಇರಲಿಲ್ಲ. ಬಹುಶಃ ಆ ಮೂವರು ಅಣ್ಣತಮ್ಮಂದಿರಲ್ಲೂ ಇರಲಿಲ್ಲ.

‘ತಂಗಿಯಿಂದ ಸಹಿ ಹಾಕಿಸಿಕೊಂಡರಾಯಿತು’ ಎಂದು ತಂದೆ ಹೇಳಿದಾಗ ನಾನು ಒಪ್ಪಲಿಲ್ಲ. ಅತ್ತೆಯನ್ನು ಒಬ್ಬರನ್ನೇ ಕೂರಿಸಿಕೊಂಡು, ಮನೆಯ ಅಂದಾಜು ಬೆಲೆ ಎಷ್ಟು, ಅವರ ಅರ್ಧ ಎಷ್ಟಾಗುತ್ತದೆ, ಸಹಿ ಹಾಕಿದರೆ ಏನು ಹೋಗುತ್ತದೆ ಎಂದು ವಿವರಿಸಿದೆ. ಬೇಕಿದ್ದರೆ ಬೇರೆ ವಕೀಲರನ್ನು ಕೇಳಿ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ನಾನು ಯಾವತ್ತೂ ಪಾಲು ಕೇಳಲಿಲ್ಲ. ಬೇಕೇ ಎಂದು ಯಾರೂ ನನ್ನನ್ನು ಕೇಳಲೂ ಇಲ್ಲ. ಈಗ ಕೇಳಿದಿರಲ್ಲ’ ಎಂದರು.

ಅವರು ಕೇಳಿದ್ದು ಎರಡು. ₹4 ಲಕ್ಷ ಹಣ. ಮತ್ತು ಮೇಲಿನ ಮನೆಗೆ ಹಣ ಹಾಕುವ ಹುಡುಗಿಯ ಹೆಸರು ಪತ್ರದಲ್ಲಿ ಇರಬೇಕು.

ಎರಡನೆಯದು ತಂದೆಗೆ ನೋವಾಯಿತು. ‘ನನ್ನ ಮಗಳಿಗೆ ನಾನು ಮೋಸ ಮಾಡುತ್ತೇನೆಯೇ?’ ಎಂದರು. ಅವರ ನೋವು ಸಹಜ, ಆದರೂ ಅತ್ತೆಯ ಮಾತು ಸರಿ. ಅವಳಿಗೆ ತಮ್ಮನಿದ್ದಾನೆ, ನಾಳೆ ಅವಳ ಮದುವೆಯಾಗುತ್ತದೆ. ಸಂಬಳದ ಹಣವನ್ನು ತಂದೆಯ ಹೆಸರಿನ ಮನೆಗೆ ಸುರಿದು, ಹದಿನೈದು ವರ್ಷದ ನಂತರ ‘ನಾನು ಹಾಕಿದ್ದೆ’ ಎಂದು ಬಾಯಿಮಾತಿನಲ್ಲಿ ಹೇಳುವ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರ ಬಳಿ ಕಾಗದ ಇರುವುದಿಲ್ಲ. ಮನೆಯವರೆಲ್ಲ ಚೆನ್ನಾಗಿರುವಾಗಲೇ ಬರೆದಿಡಬೇಕು. ಮನಸ್ಸು ಮುರಿದ ಮೇಲೆ ಬರೆಯಲು ಯಾರೂ ಕೂರುವುದಿಲ್ಲ.

2025ರ ಆರಂಭದಲ್ಲಿ ಅತ್ತೆಯಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಯಿತು, ಹಣ ಬ್ಯಾಂಕ್ ಖಾತೆಯ ಮೂಲಕವೇ ಹೋಯಿತು. ನಂತರ ತಂದೆ ಮನೆಯ ಅವಿಭಜಿತ ಅರ್ಧ ಹಕ್ಕನ್ನು ಮಗಳಿಗೆ ದಾನಪತ್ರದ ಮೂಲಕ ಕೊಟ್ಟರು. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಖರ್ಚಿಗೆ ಹೆದರಿ ಮುಂದೂಡುವ ಅಗತ್ಯವಿಲ್ಲ. ಮಗನ ಪಾಲಿನ ಬಗ್ಗೆ ತಂದೆ ಉಯಿಲು ಬರೆದರು, ಅದನ್ನು ಇಬ್ಬರು ಮಕ್ಕಳಿಗೂ ಓದಿ ಹೇಳಿದರು. ಇ-ಖಾತೆಯಾಗಿ, ಪರವಾನಗಿ ಸಿಕ್ಕಿ, ಬ್ಯಾಂಕ್ ₹5 ಲಕ್ಷ ಸಾಲ ಕೊಟ್ಟಿತು.

ಆದದ್ದೇನು

ಒಟ್ಟು ಖರ್ಚು ₹14.5 ಲಕ್ಷ: ಕಟ್ಟಡಕ್ಕೆ 10.5, ಅತ್ತೆಗೆ 4. ಹಣ ಬಂದದ್ದು ಅವಳಿಂದ 4.5, ತಂದೆಯಿಂದ 5, ಬ್ಯಾಂಕಿನಿಂದ 5. ಒಡವೆ ಪೆಟ್ಟಿಗೆಯಲ್ಲೇ ಉಳಿಯಿತು. ತಮ್ಮನ ಓದಿನ ಠೇವಣಿ ಮುಟ್ಟಲಿಲ್ಲ. ಬಾಡಿಗೆ ₹8,500, ಸಾಲದ ಕಂತು ಸುಮಾರು ₹6,300. ಕಟ್ಟಡದ ಖರ್ಚಿಗೆ ಹೋಲಿಸಿದರೆ ವರ್ಷದ ಬಾಡಿಗೆ ಶೇ 9.7, ಅತ್ತೆಗೆ ಕೊಟ್ಟದ್ದನ್ನೂ ಸೇರಿಸಿದರೆ ಶೇ 7. ಎರಡನೆಯದೇ ಸರಿಯಾದ ಲೆಕ್ಕ, ಏಕೆಂದರೆ ಆ ಹಣ ಇಲ್ಲದೆ ಈ ಮನೆ ಏಳುತ್ತಿರಲಿಲ್ಲ. ರಿಪೇರಿ, ಕಂದಾಯ, ಬಾಡಿಗೆದಾರರಿಲ್ಲದ ತಿಂಗಳುಗಳನ್ನು ಕಳೆದರೆ ಇನ್ನೂ ಸ್ವಲ್ಪ ಇಳಿಯುತ್ತದೆ.

ಬಾಡಿಗೆಗೆ ಕೊಡುವಾಗ ಇನ್ನೊಂದು ನಿರ್ಧಾರ ಎದುರಾಯಿತು. ಒಬ್ಬರು ₹4 ಲಕ್ಷ ಭೋಗ್ಯಕ್ಕೆ ಕೇಳಿದರು. ಬಂದ ಹಣದಲ್ಲಿ ಸಾಲದ ಬಹುಭಾಗ ತೀರಿಸಬಹುದೆಂಬ ಆಸೆ ತಂದೆಗೆ. ಭೋಗ್ಯದ ಹಣವೂ ಸಾಲವೇ, ಅವರು ಮನೆ ಬಿಡುವ ದಿನ ಒಟ್ಟಿಗೆ ನಾಲ್ಕು ಲಕ್ಷ ಎಲ್ಲಿಂದ ತರುವುದು ಎಂದು ಮಗಳು ಕೇಳಿದಳು. 11 ತಿಂಗಳ ಕರಾರಿನ ಮೇಲೆ ಇಬ್ಬರು ದಾದಿಯರಿಗೆ ಬಾಡಿಗೆಗೆ ಕೊಟ್ಟರು.

ಆ ಬಡಾವಣೆಯ ವಿಷಯ. ಇಂದಿಗೂ ಆ ಅಕ್ಕತಂಗಿಯರು ದಾವೆ ಹೂಡಿಲ್ಲ. ಹಲವರು ಜಿ.ಪಿ.ಎ. ಮೇಲೆ ಕೊಂಡಿದ್ದಾರೆ. ಚದರ ಅಡಿಗೆ ₹1,900 ಹೇಳುತ್ತಿದ್ದಾರೆ ಎಂದು ಮಾವ ಹಬ್ಬಕ್ಕೆ ಬಂದಾಗಲೆಲ್ಲ ನೆನಪಿಸುತ್ತಾರೆ. ಬಿಟ್ಟದ್ದು ತಪ್ಪು ಎಂಬುದು ಅವರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ಬ್ಯಾಂಕ್ ಸಾಲ ಸಿಗದ, ಇನ್ನೊಬ್ಬ ಜಿ.ಪಿ.ಎ. ಕೊಳ್ಳುಗನಿಗೆ ಮಾತ್ರ ಮಾರಬಹುದಾದ ಜಾಗದ ಬೆಲೆ ಮಾತಿನಲ್ಲಿರುವ ಬೆಲೆ. ನಾಳೆ ಆ ಜಾಗ ಸಕ್ರಮವಾಗಿ ಎರಡು ಪಟ್ಟಾದರೂ, 2024ರ ಜೂನ್‌ನಲ್ಲಿ ಅವಳ ಮುಂದಿದ್ದ ಕಾಗದಗಳಿಗೆ ಅವಳು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಮೊದಲ ಹೂಡಿಕೆಯಲ್ಲೇ ಎಲ್ಲವನ್ನೂ ಕಳೆದುಕೊಳ್ಳುವ ಸಾಧ್ಯತೆ ಇದ್ದಾಗ, ಅದು ಕಡಿಮೆ ಸಾಧ್ಯತೆಯಾದರೂ, ಇಪ್ಪತ್ತನಾಲ್ಕು ವರ್ಷದವಳಿಗೆ ಕಾಯಲು ಬೇಕಾದಷ್ಟು ಕಾಲವಿದೆ.

ಇದೇ ದಾರಿ ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಊರಿನ ಒಳಗೆ ಸ್ವಂತ ಮನೆ, ಮನಸ್ಸು ದೊಡ್ಡದಿದ್ದ ಅತ್ತೆ, ಒಪ್ಪಿಕೊಂಡ ತಂದೆ ಇವಳಿಗಿದ್ದರು. ಬೇರೆಯವರು ಇದರಿಂದ ಎತ್ತಿಕೊಳ್ಳಬಹುದಾದದ್ದು ಕೆಲಸದ ಕ್ರಮ: ಮುಂಗಡಕ್ಕಿಂತ ಮೊದಲು ಪತ್ರ, ಪತ್ರದಲ್ಲಿ ಜಮೀನಿನ ಜೊತೆಗೆ ಮನುಷ್ಯರ ಎಣಿಕೆ, ಆಮೇಲೆ ಬ್ಯಾಂಕಿನ ಅಭಿಪ್ರಾಯ, ಕೊನೆಗೆ ಬೆಲೆಯ ಮಾತು. ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು.

ಈಗ ಅವಳು ಅನುಮೋದಿತ ಬಡಾವಣೆಯೊಂದರಲ್ಲಿ 20x30 ಸೈಟು ನೋಡಿದ್ದಾಳೆ. ರೇರಾ ಸಂಖ್ಯೆ ಇದೆ, ಪೂರ್ತಿ ಜಮೀನಿಗೆ ಪರಿವರ್ತನೆ ಆಗಿದೆ, ವಂಶವೃಕ್ಷದಲ್ಲಿದ್ದ ಎಲ್ಲರ ಸಹಿಯೂ ಇದೆ. ಆದರೆ ಪ್ರಾಧಿಕಾರ ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಚರಂಡಿ, ನೀರು, ವಿದ್ಯುತ್ ಕೆಲಸ ಮುಗಿದಷ್ಟಕ್ಕೆ ಬಿಡುಗಡೆ. ಅವಳು ಕೇಳಿದ ಸೈಟಿನ ಸಂಖ್ಯೆ ಬಿಡುಗಡೆಯಾದ ಪಟ್ಟಿಯಲ್ಲಿ ಇನ್ನೂ ಬಂದಿಲ್ಲ. ಮಾಲೀಕರು ಮುಂಗಡ ಕೇಳಿದ್ದಾರೆ. ಪಟ್ಟಿ ಬಂದ ಮೇಲೆ ಕೊಡುತ್ತೇನೆ ಎಂದು ಹೇಳಿ ಬಂದಿದ್ದಾಳೆ.